ಕೂಸು ನಿಂತದ್ದು, ಕೂಸು ಮಾತಾಡಿದ್ದು: ನನ್ನ ಅನುಭವ

ನನ್ನ ಮಗಳು ತಿಂಗಳು ತುಂಬುವ ಮೊದಲೇ, 34ನೇ ವಾರಕ್ಕೆ ಹುಟ್ಟಿದವಳು. ಮೊದಲ ಎರಡು ವರ್ಷ ಇವಳ ವಯಸ್ಸನ್ನು ಎರಡು ಲೆಕ್ಕದಲ್ಲಿ ಇಟ್ಟುಕೊಳ್ಳಿ ಅಂತ ಮಕ್ಕಳ ಡಾಕ್ಟರು ಹೇಳಿಯೇ ಮನೆಗೆ ಕಳಿಸಿದ್ದರು. ಹುಟ್ಟಿದ ದಿನದಿಂದ ಎಣಿಸುವುದು ಒಂದು, 40 ವಾರ ತುಂಬಿ ಹುಟ್ಟಬೇಕಾಗಿದ್ದ ದಿನದಿಂದ ಎಣಿಸುವುದು ಇನ್ನೊಂದು. ಲಸಿಕೆಗೆ ಮೊದಲನೆಯ ಲೆಕ್ಕ. ಕತ್ತು ನಿಲ್ಲುವುದು, ಕೂರುವುದು, ನಿಲ್ಲುವುದು, ಮಾತು ಬರುವುದು, ಇವಕ್ಕೆಲ್ಲ ಎರಡನೆಯದು. ಅಂದರೆ ಕ್ಯಾಲೆಂಡರಿನಲ್ಲಿ ಅವಳಿಗೆ ಒಂದು ವರ್ಷ ತುಂಬಿದಾಗ ನಾವು ನೋಡಬೇಕಾಗಿದ್ದದ್ದು ಹತ್ತೂವರೆ ತಿಂಗಳ ಕೂಸನ್ನು. ಅವಧಿಗೆ ಮೊದಲೇ ಹೆರಿಗೆಯಾದ ತಾಯಂದಿರು ಈ ಒಂದು ವಿಷಯ ತಿಳಿದುಕೊಂಡರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತದೆ. ನನಗಂತೂ ಉಳಿಯಿತು.

ದಾವಣಗೆರೆಯ ವಿನೋಬನಗರದ ನಮ್ಮ ಓಣಿಯಲ್ಲಿ ಕೂಸಿಗೆ ವರ್ಷ ತುಂಬಿತು ಅಂದರೆ ಬಂದವರೆಲ್ಲ ಕೇಳುವುದು ಎರಡೇ ಪ್ರಶ್ನೆ. ‘ನಿಂತ್ಕಂತೈತೇನವ್ವಾ?’ ‘ಅಪ್ಪ ಅವ್ವ ಅಂತೈತೇನು?’ ಅದರ ಹಿಂದೆಯೇ, ‘ನಮ್ಮ ಹುಡುಗ ಒಂಬತ್ತು ತಿಂಗ್ಳಿಗೇ ಮನಿ ತುಂಬ ಓಡಾಡ್ತಿದ್ದ ನೋಡು.’ ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಅಕ್ಕರೆಯಿಂದಲೇ ಕೇಳುತ್ತಾರೆ. ಆದರೆ ಆ ಅಕ್ಕರೆ ಮನೆಯೊಳಗೆ ಬಂದು ಅವಸರವಾಗಿಬಿಡುತ್ತದೆ. ಅವಸರ ಶುರುವಾದರೆ ನಾವು ಕೂಸನ್ನು ಕಂಕುಳಲ್ಲಿ ಹಿಡಿದು ನಿಲ್ಲಿಸುತ್ತೇವೆ, ಬಾಯಿಗೆ ಬಾಯಿ ಕೊಟ್ಟು ‘ಅಪ್ಪ ಅನ್ನು, ಅಪ್ಪ ಅನ್ನು’ ಎಂದು ಒತ್ತಾಯ ಮಾಡುತ್ತೇವೆ.

ಆ ಅವಸರಕ್ಕೆ ನನಗೆ ಸಿಕ್ಕ ಉತ್ತರ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪಟ್ಟಿ. ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕ, ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ್ದು. ಏನನ್ನಾದರೂ ಹಿಡಿದು ನಿಲ್ಲುವುದು 4.8 ತಿಂಗಳಿಂದ 11.4 ತಿಂಗಳೊಳಗೆ. ಯಾರ ಆಸರೆಯೂ ಇಲ್ಲದೆ ನಿಲ್ಲುವುದು 6.9ರಿಂದ 16.9. ತಾನೇ ನಡೆಯುವುದು 8.2ರಿಂದ 17.6. ಎಷ್ಟು ಅಗಲದ ಅಂತರ ನೋಡಿ! ಪಕ್ಕದ ಮನೆಯ ಹುಡುಗ ಒಂಬತ್ತಕ್ಕೆ ಓಡಾಡಿದ್ದೂ ನಿಜ, ಹದಿನೇಳಕ್ಕೆ ನಡೆದ ಕೂಸೂ ಸರಿಯಾಗಿಯೇ ಇರುತ್ತದೆ ಅನ್ನುವುದೂ ನಿಜ. ಆ ಮಕ್ಕಳಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ಮುಂದಕ್ಕೆ ಹೋಗಿದ್ದವು. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಅತ್ತೆಯವರೂ ಓದಿದರು, ಕೇಳಿದವರಿಗೆಲ್ಲ ಆಮೇಲೆ ಅವರೇ ಹೇಳತೊಡಗಿದರು.

ಇನ್ನು ನಾವು ಮಾಡಿದ್ದು ಏನು ಅಂದರೆ, ಮೊದಲು ನೆಲ ಬಿಟ್ಟುಕೊಟ್ಟೆವು. ಹಜಾರದ ಟೀಪಾಯಿ ಮೇಲಿನ ಕೋಣೆಗೆ ಹೋಯಿತು. ಟೈಲ್ಸ್ ಜಾರುತ್ತದೆಂದು ಹಳೆಯ ಜಮಖಾನ ಹಾಸಿ ಅಂಚು ಮಡಚದ ಹಾಗೆ ಮಂಚದ ಕಾಲಿನ ಕೆಳಗೆ ಸೇರಿಸಿದೆವು. ಕಾಲುಚೀಲ, ಪೀಂ ಪೀಂ ಅನ್ನುವ ಬೂಟು ಎರಡನ್ನೂ ತೆಗೆದಿಟ್ಟೆವು. ನಿಲ್ಲಲು ಕಲಿಯುವ ಕೂಸಿಗೆ ಬರಿಗಾಲೇ ಚೆಂದ, ಹೆಬ್ಬೆರಳು ನೆಲಕ್ಕೆ ಒತ್ತಿ ಹಿಡಿದುಕೊಳ್ಳುವುದನ್ನು ಕಣ್ಣಾರೆ ನೋಡಬಹುದು.

ಹಜಾರದಲ್ಲಿ ನಮ್ಮ ಮಾವನವರ ಕಾಲದ ಕಬ್ಬಿಣದ ಟ್ರಂಕ್ ಇದೆ. ಎತ್ತರ ಸರಿಯಾಗಿ ಅವಳ ಎದೆಮಟ್ಟಕ್ಕೆ. ತುಂಬಿದ ಟ್ರಂಕ್ ಆದ್ದರಿಂದ ಹಿಡಿದು ಜಗ್ಗಿದರೂ ಅಲುಗುವುದಿಲ್ಲ. ಕ್ಯಾಲೆಂಡರ್ ಲೆಕ್ಕದಲ್ಲಿ ಹತ್ತೂವರೆ ತಿಂಗಳ ಸುಮಾರಿಗೆ ಅದರ ಅಂಚು ಹಿಡಿದು, ಒಂದು ಮೊಣಕಾಲೂರಿ, ಇನ್ನೊಂದು ಪಾದ ನೆಲಕ್ಕೆ ಒತ್ತಿ ಎದ್ದು ನಿಂತಳು. ನಿಂತ ಮೇಲೆ ಮುಖದಲ್ಲಿ ಬೆಳಕು. ಅರ್ಧ ನಿಮಿಷದಲ್ಲಿ ಅಳು!

ಆ ಅಳು ಯಾಕೆ ಅಂತ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಕೂಸಿಗೆ ಏಳಲು ಬಂದಿರುತ್ತದೆ, ಕೂರಲು ಬಂದಿರುವುದಿಲ್ಲ. ನಿಂತಲ್ಲೇ ಸಿಕ್ಕಿಕೊಂಡಿರುತ್ತದೆ. ರಾತ್ರಿ ತೊಟ್ಟಿಲಿನ ಕಂಬಿ ಹಿಡಿದು ನಿಂತು ಅಳುವುದೂ ಇದೇ ಕಾರಣಕ್ಕೆ. ಆಗ ಮನೆಯವರು ಓಡಿ ಬಂದು ಎತ್ತಿಕೊಂಡುಬಿಟ್ಟರೆ ಅಳು ನಿಲ್ಲುತ್ತದೆ, ಆದರೆ ಕೂರುವ ವಿದ್ಯೆ ಕಲಿಯುವ ಅವಕಾಶ ಅಲ್ಲಿಗೇ ಹೋಯಿತು. ನಾನು ಎತ್ತಿಕೊಳ್ಳಲಿಲ್ಲ. ಹಿಂದೆ ಕೂತು ಎರಡೂ ಕೈಯಿಂದ ಅವಳ ಸೊಂಟ ಹಿಡಿದು, ತೂಕ ಒಂದು ಕಾಲಿನ ಮೇಲೆ ಬರುವಂತೆ ನಿಧಾನಕ್ಕೆ ವಾಲಿಸುತ್ತಿದ್ದೆ. ಇನ್ನೊಂದು ಮೊಣಕಾಲಿನ ಹಿಂಭಾಗವನ್ನು ಬೆರಳಿನಿಂದ ಮುಟ್ಟಿದರೆ ಅದು ಮಡಚುತ್ತಿತ್ತು. ಅವಳಿಗೆ ಇಷ್ಟವಾದ ಸ್ಟೀಲ್ ಲೋಟವನ್ನು ಪಾದದ ಪಕ್ಕದಲ್ಲೇ ಇಡುತ್ತಿದ್ದೆ. ಒಂದು ಕೈ ಟ್ರಂಕಿನ ಮೇಲೆ, ಇನ್ನೊಂದು ಕೈ ಲೋಟದ ಕಡೆ. ಬಗ್ಗುತ್ತ ಬಗ್ಗುತ್ತ ಕುಂಡಿ ನೆಲಕ್ಕೆ ಮುಟ್ಟುತ್ತಿತ್ತು. ದಿನಾ ಇದೇ ಆಟ. ಒಂದು ಬೆಳಿಗ್ಗೆ ನನ್ನ ಕೈ ಸೊಂಟದ ಹತ್ತಿರ ಹೋಗುವ ಮೊದಲೇ ಮೊಣಕಾಲು ಮಡಚಿ, ಮೆಲ್ಲಗೆ ಕೂತಳು. ಕೂತು ನನ್ನ ಮುಖ ನೋಡಿದಳು. ಅವತ್ತಿನಿಂದ ಅವಳು ಏಳುವುದು ದುಪ್ಪಟ್ಟಾಯಿತು. ಇಳಿಯುವ ದಾರಿ ಗೊತ್ತಾದ ಮೇಲೆ ಹತ್ತಲು ಹೆದರಿಕೆ ಇರಲಿಲ್ಲ.

ಆಮೇಲೆ ಟ್ರಂಕಿನ ಮೇಲೆ ಲೋಟ ಇಟ್ಟು ದೊಡ್ಡ ಮರದ ಬಟ್ಟೆ ಕ್ಲಿಪ್ಪುಗಳನ್ನು ಅದರೊಳಗೆ ಹಾಕುವ ಆಟ ಶುರುಮಾಡಿದೆವು. ಟಣ್ ಅಂತ ಶಬ್ದ ಬರಲು ಒಂದು ಕೈ ಬಿಡಲೇಬೇಕು. ಒಂದು ಕೈಯಲ್ಲಿ ನಿಲ್ಲುವುದು ಹಾಗೆ ಬಂತು. ಕ್ಲಿಪ್ಪುಗಳನ್ನು ಟ್ರಂಕಿನ ಆ ತುದಿಗೆ ಸರಿಸಿದರೆ ಅಡ್ಡಡ್ಡಲಾಗಿ ಹೆಜ್ಜೆ ಹಾಕಿ ಹೋಗುತ್ತಿದ್ದಳು. ಟ್ರಂಕಿಗೂ ಮಂಚಕ್ಕೂ ನಡುವೆ ಅವಳ ಕೈಚಾಚಿಗಿಂತ ಸ್ವಲ್ಪವೇ ಹೆಚ್ಚು ಜಾಗ ಬಿಟ್ಟಾಗ, ಆ ಜಾಗ ದಾಟಲು ಅರೆಗಳಿಗೆ ಏನನ್ನೂ ಹಿಡಿಯದೆ ನಿಲ್ಲಬೇಕಾಯಿತು. ಹದಿನಾಲ್ಕು ತಿಂಗಳಿಗೆ, ಎರಡೂ ಕೈಯಲ್ಲಿ ಚೆಂಡು ಹಿಡಿದು ಹಜಾರದ ನಡುವೆ ನಿಂತಿದ್ದಳು. ತಾನು ಏನನ್ನೂ ಹಿಡಿದಿಲ್ಲ ಅನ್ನುವುದೇ ಅವಳಿಗೆ ಮರೆತಿತ್ತು. ಅತ್ತೆ ‘ನಿಂತಾಳೋ, ನಿಂತಾಳೋ’ ಅಂತ ಚಪ್ಪಾಳೆ ತಟ್ಟಿದ್ದೇ ಕೂತುಬಿಟ್ಟಳು.

ವಾಕರ್ ಬಗ್ಗೆ ಹೇಳಲೇಬೇಕು. ಬಂಧುಗಳು ಪ್ರೀತಿಯಿಂದ ತಂದುಕೊಟ್ಟಿದ್ದರು, ಬಣ್ಣದ್ದು, ಹಾಡು ಹೇಳುವಂಥದ್ದು. ನಾವು ಅದನ್ನು ಬಳಸಲಿಲ್ಲ. ಕೂರಿಸುವ ವಾಕರಿನಲ್ಲಿ ಕೂಸಿನ ತೂಕ ಬಟ್ಟೆಯ ಸೀಟಿನ ಮೇಲಿರುತ್ತದೆ, ಕಾಲಿನ ಮೇಲೆ ಅಲ್ಲ. ತುದಿಬೆರಳಿನಲ್ಲಿ ತಳ್ಳುವ ಅಭ್ಯಾಸವಾಗುತ್ತದೆ, ತನ್ನ ಪಾದ ತನಗೇ ಕಾಣುವುದಿಲ್ಲ, ಸಮತೋಲನ ಕಲಿಯುವುದೇ ಇಲ್ಲ. ಬೇಗ ನಡೆಸುವ ಬದಲು ತಡ ಮಾಡುತ್ತದೆ ಅಂತ ಅಧ್ಯಯನಗಳೇ ಹೇಳಿವೆ. ಮೆಟ್ಟಿಲಿಂದ ಉರುಳುವುದು, ಬಿಸಿ ಸಾರಿನ ಪಾತ್ರೆಗೆ ಕೈ ಹಾಕುವುದು, ಇಂಥ ಅಪಾಯ ಬೇರೆ. ಕೆನಡಾ ದೇಶ 2004ರಲ್ಲೇ ಇವುಗಳ ಮಾರಾಟವನ್ನೇ ನಿಷೇಧಿಸಿತು. ಜಾತ್ರೆಯಲ್ಲಿ ಸಿಗುವ ಮೂರು ಗಾಲಿಯ ಮರದ ತಳ್ಳುಗಾಡಿಯ ಮಾತು ಬೇರೆ. ಅದರಲ್ಲಿ ಕೂಸು ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಚೆನ್ನಾಗಿ ನಿಲ್ಲಲು ಬಂದ ಮೇಲೆ ಅದನ್ನು ಕೊಟ್ಟೆವು, ಜೋರಾಗಿ ಓಡದಿರಲೆಂದು ರಾಗಿಯ ಸಣ್ಣ ಗಂಟನ್ನು ಅದಕ್ಕೆ ಕಟ್ಟಿ, ಪಕ್ಕದಲ್ಲೇ ಒಬ್ಬರು ಇದ್ದು. ಹದಿನಾರಕ್ಕೆ ನಡೆದಳು. ಕಾಲು ಸ್ವಲ್ಪ ಬಿಲ್ಲಿನಂತೆ ಬಾಗಿದೆ, ಪಾದ ಚಪ್ಪಟೆ ಇದೆ ಅಂತ ಎಣ್ಣೆ ಹಚ್ಚುವ ಅಜ್ಜಿ ಹೇಳಿದರು. ಎರಡೂ ಆ ವಯಸ್ಸಿಗೆ ಸಹಜ ಎಂದು ಡಾಕ್ಟರು ನೋಡಿ ಹೇಳಿದ ಮೇಲೆ ಆ ಮಾತು ಅಲ್ಲಿಗೇ ಬಿಟ್ಟೆವು.

ಮಾತಿನ ವಿಷಯದಲ್ಲಿ ನಾವು ಶುರುಮಾಡಿದ್ದು ಕಿವಿಯಿಂದ. ಅವಧಿಗೆ ಮೊದಲು ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಇದ್ದು ಬಂದ ಮಕ್ಕಳಿಗೆ ಕಿವಿ ಪರೀಕ್ಷೆ ತಪ್ಪಿಸಲೇಬಾರದು. ಕಿವಿಯೊಳಗೆ ಸಣ್ಣ ಬಿರಡೆ ಇಟ್ಟು ಮಾಡುವ ಓಎಇ ಪರೀಕ್ಷೆ ನಿಮಿಷಗಳಲ್ಲಿ ಮುಗಿಯುತ್ತದೆ. ಇಂಥ ಮಕ್ಕಳಿಗೆ ಅದರ ಜೊತೆ, ಮಲಗಿದ್ದಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನೋಡುವ ಬೆರಾ ಪರೀಕ್ಷೆಯೂ ಬೇಕು. ಒಂದು ತಿಂಗಳೊಳಗೆ ಪರೀಕ್ಷೆ, ತೊಂದರೆ ಕಂಡರೆ ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ವೈದ್ಯರು ಹೇಳುವ ಲೆಕ್ಕ. ಬಾಗಿಲು ದಬ್ ಅಂದಾಗ ಬೆಚ್ಚಿತು, ಕಿವಿ ಸರಿ ಇದೆ ಅಂದುಕೊಳ್ಳುವುದು ಸಾಲದು. ಕೂಸು ಬೆಚ್ಚುವುದು ಗಾಳಿಗೂ ಇರಬಹುದು, ನೆಲದ ಅದುರಿಗೂ ಇರಬಹುದು.

ಕಿವಿ ಸರಿ ಇದೆ ಎಂದು ಗೊತ್ತಾದ ಮೇಲೆ ನಾವು ಮಾಡಿದ್ದು ಒಂದೇ. ಮಾತಾಡುವುದು, ಮಾತಾಡಿ ಸುಮ್ಮನಾಗುವುದು. ಈ ಸುಮ್ಮನಾಗುವ ಭಾಗವನ್ನು ನಾನು ಕಲಿತದ್ದು ಅತ್ತೆಯಿಂದ. ಎರೆಯುವಾಗ ಅವರು ‘ನೀರು ಬಿಸಿ ಆತೇನವ್ವಾ?’ ಅಂತ ಕೇಳಿ ಚೊಂಬು ಕೈಯಲ್ಲೇ ಹಿಡಿದು ಅವಳ ಮುಖ ನೋಡುತ್ತ ಕಾಯುತ್ತಿದ್ದರು. ಕಾಲು ಒದೆಯುತ್ತಿದ್ದಳು, ‘ಆ’ ಅನ್ನುತ್ತಿದ್ದಳು. ‘ಹೌದಾ? ಹಂಗಾರೆ ತಣ್ಣೀರು ಬೆರೆಸಾನ’ ಅಂತ ಇವರ ಉತ್ತರ. ಮೂರು ತಿಂಗಳ ಕೂಸಿನ ಜೊತೆ ನಡೆದ ಪೂರ್ತಿ ಮಾತುಕತೆ ಅದು. ನಾನು ಅದನ್ನೇ ಹಿಡಿದುಕೊಂಡೆ. ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯುವುದು. ನಿಲ್ಲುವುದರಲ್ಲೂ ಮಾತಿನಲ್ಲೂ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದೇ. ಕೂಸು ಮಾಡಬೇಕಾದ್ದನ್ನು ಅದಕ್ಕಿಂತ ಮೊದಲೇ ನಾವು ಮಾಡಿಬಿಡುತ್ತೇವೆ. ನೀರಿನ ಕಡೆ ನೋಡಿದ ಕೂಡಲೇ ಲೋಟ ಬಾಯಿಗೆ ಹಿಡಿದರೆ ಅದು ‘ನೀರು’ ಅಂತ ಯಾಕೆ ಅನ್ನಬೇಕು?

ಏಳೆಂಟು ತಿಂಗಳಿಗೆ ಬಾಬಾಬಾ, ಮಾಮಾಮಾ. ತುಟಿ ಸೇರಿಸಿ ಹೇಳುವ ಪ, ಬ, ಮ ಸುಲಭ, ಆದ್ದರಿಂದ ಮೊದಲು ಬರುತ್ತವೆ. ರ, ಳ ತಡ. ಮಾತಿಗಿಂತ ಮೊದಲು ಬೆರಳು ಬಂತು. ಗೂಡಿನ ಗುಬ್ಬಿ, ತಿರುಗುವ ಫ್ಯಾನು, ಎಲ್ಲವನ್ನೂ ತೋರುಬೆರಳಿನಲ್ಲಿ ತೋರಿಸಿ ನನ್ನ ಕಡೆ ತಿರುಗಿ ನೋಡುತ್ತಿದ್ದಳು. ಬೆರಳು ತೋರಿಸುವುದನ್ನು ದಯವಿಟ್ಟು ಸಣ್ಣದು ಅಂದುಕೊಳ್ಳಬೇಡಿ. ‘ನಾನು ನೋಡಿದ್ದನ್ನು ನೀನೂ ನೋಡು’ ಅನ್ನುವುದು ಬಾಯಿಂದ ಬರುವ ಮೊದಲು ಕೈಯಿಂದ ಬರುತ್ತದೆ.

ಅವಳ ಮೊದಲ ಮಾತು ಅಪ್ಪನೂ ಅಲ್ಲ, ಅವ್ವನೂ ಅಲ್ಲ. ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು ‘ಸೊಪ್ಪೋ...’ ಅಂತ ಕೂಗುತ್ತ ಬರುವ ಅಮ್ಮ ಒಬ್ಬರಿದ್ದಾರೆ. ಆ ಕೂಗು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಇವಳು ಬಾಗಿಲ ಕಡೆ ಬೆರಳು ತೋರಿಸಿ ‘ಪ್ಪೋ’ ಅನ್ನುತ್ತಿದ್ದಳು. ಮೊದಲು ಅದು ಆ ಅಮ್ಮನಿಗೆ. ಆಮೇಲೆ ತಳ್ಳುಗಾಡಿಯವರೆಲ್ಲ ‘ಪ್ಪೋ’. ಕೊನೆಗೆ ಮೆಂತ್ಯ, ತುಳಸಿ ಗಿಡ, ನನ್ನ ಹಸಿರು ಸೀರೆಯೂ ‘ಪ್ಪೋ’. ಒಂದೇ ಮಾತನ್ನು ಹೀಗೆ ಎಲ್ಲದಕ್ಕೂ ಹಿಗ್ಗಿಸುವುದು ಎಲ್ಲ ಮಕ್ಕಳೂ ಮಾಡುವ ಕೆಲಸ. ‘ಪ್ಪೋ ಅಲ್ಲ, ಸೀರೆ’ ಅಂತ ತಿದ್ದಲಿಲ್ಲ. ‘ಹೌದು, ಹಸಿರು ಸೀರೆ’ ಅಂತ ಒಂದು ಮಾತು ಸೇರಿಸಿ ವಾಪಸು ಕೊಟ್ಟೆವು.

ಪಕ್ಕದ ಮನೆಯಲ್ಲಿ ಉರ್ದು. ಅಲ್ಲಿನ ನಾನಿಮಾ ಮಧ್ಯಾಹ್ನ ಇವಳನ್ನು ಎತ್ತಿಕೊಂಡು ಹೋಗುತ್ತಾರೆ. ನೀರಿಗೆ ‘ಪಾನಿ’ ಅನ್ನುವುದನ್ನು ಅಲ್ಲೇ ಕಲಿತಳು. ‘ಎರಡು ಭಾಷೆ ಬೆರೆತರೆ ಮಾತು ತಡ ಆಗುತ್ತೆ’ ಅಂತ ಯಾರೋ ಅಂದರು. ಎರಡು ಭಾಷೆ ಕೇಳಿದ್ದರಿಂದ ಮಾತಿನ ತೊಂದರೆ ಬರುವುದಿಲ್ಲ. ಕೂಸಿಗೆ ಎಷ್ಟು ಮಾತು ಬಂದಿದೆ ಅಂತ ನೋಡುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಬೇಕು, ಅಷ್ಟೆ.

ಬಜೆ ತೇದು ನಾಲಿಗೆಗೆ ಹಚ್ಚಿದರೆ ಮಾತು ಬೇಗ ಬರುತ್ತದೆ ಎನ್ನುವುದು ನಮ್ಮ ಕಡೆ ಎಲ್ಲ ಮನೆಯ ನಂಬಿಕೆ. ಬೇಡ ಅಂದರು ಡಾಕ್ಟರು. ಅದನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವುದಂತೂ ವರ್ಷ ತುಂಬುವವರೆಗೆ ಖಂಡಿತ ಕೂಡದು. ಜೇನಿನಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಕೂಸಿನ ಕರುಳಲ್ಲಿ ಬೆಳೆದು ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲವು. ಅತ್ತೆಗೆ ಇದನ್ನು ವಿವರವಾಗಿ ಹೇಳಿದೆ, ಒಪ್ಪಿಕೊಂಡರು.

ಮೊಬೈಲು ಎರಡು ವರ್ಷದವರೆಗೆ ಇಲ್ಲ. ಹೊಳಲ್ಕೆರೆಯ ನನ್ನ ತಾಯಿಯ ಜೊತೆ ಆಗಾಗ ವಿಡಿಯೋ ಕರೆ ಮಾತ್ರ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯೂ ಇದೇ. ಊಟ ಮಾಡಿಸುವಾಗ ಕಷ್ಟವಾಯಿತು, ನಿಜ. ಆದರೆ ಪರದೆ ಕೂಸಿನ ‘ಪ್ಪೋ’ಗೆ ಉತ್ತರ ಕೊಡುವುದಿಲ್ಲ.

ನಡೆಯಲು ಶುರುಮಾಡಿದ ಹೊತ್ತಿನಲ್ಲಿ ಕೆಲವು ವಾರ ಹೊಸ ಮಾತು ಬರಲಿಲ್ಲ. ಇದ್ದ ಮಾತು ಇದ್ದವು, ಆದ್ದರಿಂದ ನಾನು ಹೆದರಲಿಲ್ಲ. ಹೊಸದು ಬರದಿರುವುದು ಬೇರೆ, ಬಂದದ್ದು ಹೋಗುವುದು ಬೇರೆ. ಆಡುತ್ತಿದ್ದ ಮಾತು, ಕೈಬೀಸಿ ಟಾಟಾ ಮಾಡುತ್ತಿದ್ದದ್ದು, ಕರೆದರೆ ತಿರುಗುತ್ತಿದ್ದದ್ದು ನಿಂತುಹೋದರೆ ಯಾವ ವಯಸ್ಸಾಗಿರಲಿ, ಕಾಯದೆ ತೋರಿಸಬೇಕು. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷಕ್ಕೆ ಹಿಡಿದೂ ನಿಲ್ಲದಿದ್ದರೆ, ಹದಿನೆಂಟು ತಿಂಗಳಿಗೆ ನಡೆಯದಿದ್ದರೆ, ಯಾವಾಗಲೂ ಒಂದೇ ಕೈಯನ್ನೋ ಒಂದೇ ಕಾಲನ್ನೋ ಬಳಸುತ್ತಿದ್ದರೆ ತೋರಿಸಬೇಕು. ವರ್ಷಕ್ಕೆ ಬಾಬಾ ಮಾಮಾ ಸದ್ದೂ ಇಲ್ಲ, ಬೆರಳು ತೋರಿಸುವುದೂ ಇಲ್ಲ, ಹದಿನಾರು ತಿಂಗಳಾದರೂ ಒಂದೂ ಮಾತಿಲ್ಲ, ಎರಡು ವರ್ಷಕ್ಕೆ ‘ಅಜ್ಜಿ ಬಾ’ ಅಂತ ಎರಡು ಮಾತು ಕೂಡಿಸುವುದಿಲ್ಲ ಅಂದರೂ ಹಾಗೇ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎನ್ನುವ ಮಾತಿಗೆ ಆಗ ಕಿವಿಗೊಡಬೇಡಿ.

ಎಲ್ಲಿಗೆ ಹೋಗಬೇಕು ಅಂದರೆ, ಮೊದಲು ತಾಯಿ ಕಾರ್ಡ್ ಹಿಡಿದು ಅಂಗನವಾಡಿ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ನೋಡುತ್ತದೆ. ಬೆಳವಣಿಗೆಯಲ್ಲಿ ತಡ ಕಂಡರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತದೆ, ಖರ್ಚಿಲ್ಲ. ಕಿವಿ, ಮಾತಿನ ದೊಡ್ಡ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಕೂಸು ಮನೆಯಲ್ಲಿ ಆಡುವ, ನಿಲ್ಲುವ, ಕೂಗುವ ಒಂದೆರಡು ವಿಡಿಯೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಆಸ್ಪತ್ರೆಯ ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡುವುದಿಲ್ಲ, ಡಾಕ್ಟರಿಗೆ ಆ ವಿಡಿಯೋ ಬಹಳ ಉಪಯೋಗಕ್ಕೆ ಬರುತ್ತದೆ.