ಮೂತ್ರನಾಳದ ಸ್ಕೋಪು, ಪಿತ್ತನಾಳದ ಕಲ್ಲು

ಪಿತ್ತನಾಳದ ಕಲ್ಲನ್ನೂ ಪಿತ್ತಕೋಶವನ್ನೂ ರಾಯಚೂರಿನಲ್ಲಿಯೇ, ಒಂದೇ ಸಲಕ್ಕೆ ದುರ್ಬೀನಿನಲ್ಲಿ (ಲ್ಯಾಪರೋಸ್ಕೋಪಿ) ತೆಗೆಯುತ್ತೇನೆ ಎಂದಾಗ ಹಿರಿಯ ಸರ್ಜನ್ ಒಬ್ಬರು, "ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಡಾಕ್ಟರೇ, ಹೈದರಾಬಾದಿಗೆ ಕಳುಹಿಸಿಬಿಡಿ" ಎಂದಿದ್ದರು. ಆರು ವರ್ಷ ನಾನೂ ಅದನ್ನೇ ಮಾಡಿದ್ದೆ. ಇಆರ್‌ಸಿಪಿ (ಬಾಯಿಯಿಂದ ಸ್ಕೋಪು ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವ ವಿಧಾನ) ಮಾಡಿಸಿ ನಾಳದಲ್ಲಿ ಸ್ಟೆಂಟು ಎಂಬ ಸಣ್ಣ ಕೊಳವೆ ಹಾಕಿಸಲು ಒಂದು ಪ್ರಯಾಣ, ಪಿತ್ತಕೋಶಕ್ಕೆ ಇನ್ನೊಂದು, ಸ್ಟೆಂಟು ತೆಗೆಸಲು ಮತ್ತೊಂದು. ಸಿಂಧನೂರು ಕಡೆಯ ಭತ್ತದ ಗದ್ದೆಯ ಕೂಲಿ ಹೆಣ್ಣುಮಗಳೊಬ್ಬಳು ಆ ಮೂರನೆಯ ಪ್ರಯಾಣ ಮಾಡಲೇ ಇಲ್ಲ. ವರ್ಷ ಕಳೆದ ಮೇಲೆ ಚಳಿಜ್ವರ, ಕಾಮಾಲೆ ಹೊತ್ತು ಬಂದಳು. ಸ್ಟೆಂಟು ಕಟ್ಟಿಕೊಂಡು ಅದರ ಸುತ್ತಲೇ ಹೊಸ ಕಲ್ಲು ಬೆಳೆದಿತ್ತು. "ದುಡ್ಡು ಹೊಂದಲಿಲ್ಲ ಸಾಹೇಬರೇ" ಎಂದಳು. ಅಷ್ಟರಲ್ಲಿಯೇ ಅವಳ ಮನೆಯವರು ಲಕ್ಷದ ಮೇಲೆ ಸುರಿದಿದ್ದರು. ಅಂದೇ ನಿರ್ಧರಿಸಿದೆ.

ಮೊದಲ ಹೆಜ್ಜೆಯೇ ದುಬಾರಿಯಾಯಿತು. ಸಾಲ ಮಾಡಿ, ಬಳಸಿದ ಕೊಲೆಡೊಕೋಸ್ಕೋಪ್ (ಪಿತ್ತನಾಳದ ಒಳಗೆ ನೋಡುವ ಸ್ಕೋಪು) ಒಂದನ್ನು ಮೂರೂವರೆ ಲಕ್ಷದ ಆಸುಪಾಸಿಗೆ ತಂದೆ. ಹನ್ನೊಂದೋ ಹನ್ನೆರಡೋ ಕೇಸಿಗೆ ಗ್ರಾಸ್ಪರ್ ಎಂಬ ಹಿಡಿಯುವ ಇಕ್ಕಳದ ಹಲ್ಲು ಕಚ್ಚಿ ಒಳಗಿನ ನಾರುಗಳು ಮುರಿದವು, ಪರದೆಯ ತುಂಬ ಕಪ್ಪು ಚುಕ್ಕೆ. ದುರಸ್ತಿಗೆ ಅರ್ಧ ಬೆಲೆ ಕೇಳಿದರು. ಅದು ಈಗಲೂ ಕಪಾಟಿನಲ್ಲಿದೆ.

ಪಕ್ಕದ ಥಿಯೇಟರಿನ ಯುರಾಲಜಿ ಮಿತ್ರರ ಗಟ್ಟಿ ಯುರೆಟೆರೋಸ್ಕೋಪ್ (ಮೂತ್ರನಾಳದೊಳಗೆ ನೋಡುವ, ಬಾಗದ ಸ್ಕೋಪು) ಕೈಗೆ ಬಂದದ್ದು ಆಗ. ಇದು ನನ್ನ ಕಲ್ಪನೆಯಲ್ಲ, ಬೇರೆ ಊರುಗಳಲ್ಲಿ ಮಾಡುತ್ತಿದ್ದರು. ನಮ್ಮಲ್ಲಿ ಯಾರೂ ಕೈ ಹಾಕಿರಲಿಲ್ಲ. ಪಿತ್ತನಾಳವನ್ನು ಉದ್ದಕ್ಕೆ ಒಂದು ಸೆಂಟಿಮೀಟರಿನಷ್ಟು ತೆರೆದು, ಸ್ಕೋಪನ್ನು ಕೆಳಮುಖವಾಗಿ ಬಿಟ್ಟು, ಡಾರ್ಮಿಯಾ ಬಾಸ್ಕೆಟ್ ಎಂಬ ಸಣ್ಣ ತಂತಿಬುಟ್ಟಿಯಲ್ಲಿ ಕಲ್ಲನ್ನು ಹಿಡಿಯುವುದು. ಕೆಳಗಿನ ತುದಿ ಸಲೀಸು. ಯಕೃತ್ತಿನ ಕಡೆಗೆ ತಿರುಗಿಸುವುದೇ ಕಷ್ಟ. ಅದಕ್ಕಾಗಿ ಸ್ಕೋಪು ಒಳಹೋಗುವ ಪೋರ್ಟನ್ನು ಹೊಟ್ಟೆಯ ಮೇಲೆ ಎಲ್ಲಿ ಹಾಕುತ್ತೇನೆ, ಟೇಬಲ್ಲನ್ನು ಎಷ್ಟು ವಾಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಮೂರನೆಯ ಕೇಸಿನಲ್ಲಿ ಒಂದು ಕಲ್ಲು ಉಳಿಯಿತು. ನಾಳದಲ್ಲಿ ಬಿಟ್ಟಿದ್ದ ಟಿ-ಟ್ಯೂಬ್ (ಪಿತ್ತ ಹೊರಹರಿಯಲು ಇಡುವ ಟಿ ಆಕಾರದ ಕೊಳವೆ) ಮೂಲಕ ಹತ್ತನೆಯ ದಿನ ತೆಗೆದ ಚಿತ್ರದಲ್ಲಿ ಕಂಡಿತು. ಆರು ವಾರ ಕಾದು ಆ ಕೊಳವೆಯ ದಾರಿಯಿಂದಲೇ ಹೊರತೆಗೆದೆ, ಹಣ ಮುಟ್ಟಲಿಲ್ಲ. ನಾಲ್ಕನೆಯ ರೋಗಿಗೆ ಅದೇ ಸಂಜೆ ಮಂಚ ಅಲುಗುವಷ್ಟು ನಡುಕ, ಜ್ವರ. ನಾಳದೊಳಗೆ ಬಿಡುವ ಸಲೈನ್ ಚೀಲವನ್ನು ಎತ್ತರಕ್ಕೆ ಕಟ್ಟಿ ಒತ್ತಿದ್ದೆವು, ಸೋಂಕಿನ ಪಿತ್ತ ಆ ಒತ್ತಡಕ್ಕೆ ರಕ್ತ ಸೇರಿತ್ತು. ಈಗ ಚೀಲ ತಗ್ಗಿನಲ್ಲಿಯೇ ಇರುತ್ತದೆ, ಯಾರೂ ಅದನ್ನು ಹಿಂಡುವಂತಿಲ್ಲ. ಏಳನೆಯದರಲ್ಲಿ ಟಿ-ಟ್ಯೂಬ್ ಇಲ್ಲದೆ ಹೊಲಿದಿದ್ದೆ. ಹೊಟ್ಟೆಯಿಂದ ಹೊರಬಿಟ್ಟ ಡ್ರೇನ್ ಕೊಳವೆಯಲ್ಲಿ ದಿನಕ್ಕೆ ನೂರೈವತ್ತು ಮಿಲಿಲೀಟರಿನಷ್ಟು ಪಿತ್ತ, ಒಂಬತ್ತು ದಿನ. ಒಂಬತ್ತು ರಾತ್ರಿಯೂ ನಾನೇ ಹೋಗಿ ಬಾಟಲಿ ನೋಡಿದೆ. ತಾನಾಗಿಯೇ ನಿಂತಿತು. ಅಂದಿನಿಂದ ನಾಳ ಹತ್ತು ಮಿಲಿಮೀಟರಿಗಿಂತ ಅಗಲವಿದ್ದು, ಕೆಳತುದಿ ತೆರವಾದದ್ದನ್ನು ಕಣ್ಣಾರೆ ಕಂಡರೆ ಮಾತ್ರ ನೇರ ಹೊಲಿಗೆ.

ಈ ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಮೂತ್ರಪಿಂಡದ ಕಲ್ಲಿಗೆ ಕುಡಿಯುವ ಹುರುಳಿ ಕಟ್ಟನ್ನೇ ಪಿತ್ತದ ಕಲ್ಲಿಗೂ ಕುಡಿದು ತಿಂಗಳುಗಟ್ಟಲೆ ಕಳೆದು ಬರುವವರು ನಮ್ಮಲ್ಲಿ ಬಹಳ. ತೆಗೆದ ಕಲ್ಲುಗಳನ್ನು ಹುರುಳಿ ಕಟ್ಟು, ಮಜ್ಜಿಗೆ, ಆಲಿವ್ ಎಣ್ಣೆ ಹೀಗೆ ಬೇರೆ ಬೇರೆ ಬಾಟಲಿಗಳಲ್ಲಿಟ್ಟು, ದ್ರವ ಬದಲಿಸುತ್ತ ಮೂರು ತಿಂಗಳು ತೂಗಿದೆ. ಕರಗಲಿಲ್ಲ. ಬಾಟಲಿ ಹೊಟ್ಟೆಯಲ್ಲ ಎಂಬುದು ನಿಜ, ಆದರೂ ಆ ಸಾಲನ್ನು ತೋರಿಸಿದರೆ ನನ್ನ ಅರ್ಧ ಗಂಟೆಯ ಮಾತು ಉಳಿಯುತ್ತದೆ. ಅರ್ಸೋಡಿಯಾಕ್ಸಿಕೋಲಿಕ್ ಮಾತ್ರೆಯನ್ನೂ ಕೆಲವರಿಗೆ ಕೊಟ್ಟು ನೋಡಿದ್ದೇನೆ. ಕ್ಯಾಲ್ಸಿಯಂ ಇಲ್ಲದ ಸಣ್ಣ ಕೊಲೆಸ್ಟರಾಲ್ ಕಲ್ಲಿಗಷ್ಟೇ ಅದರ ಆಟ. ನಾನು ತೆಗೆಯುವ ಕಲ್ಲುಗಳಲ್ಲಿ ಹೆಚ್ಚಿನವು ಕಪ್ಪು, ಕಂದು ಬಣ್ಣದವು, ಆ ಜಾತಿಯವಲ್ಲ.

ಇದುವರೆಗೆ ಎಪ್ಪತ್ತರ ಮೇಲೆ ಕೇಸುಗಳಾಗಿವೆ. ಇಬ್ಬರಿಗೆ ಹೊಟ್ಟೆ ತೆರೆಯಬೇಕಾಯಿತು, ನಾಲ್ವರನ್ನು ಕೊನೆಗೂ ಇಆರ್‌ಸಿಪಿಗೆ ಕಳುಹಿಸಿದೆ, ಯಾರನ್ನೂ ಕಳೆದುಕೊಂಡಿಲ್ಲ. ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಸೇರಿ ಐವತ್ತು ಸಾವಿರದೊಳಗೆ ಮುಗಿಯುತ್ತದೆ. ಜಿಲ್ಲಾ ಊರಿನ ಥಿಯೇಟರಿಗೆ ಇದು ಸಣ್ಣ ಸಾಧನೆಯಲ್ಲ. ಕೀವು ತುಂಬಿ, ರಕ್ತದೊತ್ತಡ ಕುಸಿದು ಬಂದವರಿಗೆ ಮಾತ್ರ ಈ ಹಾದಿ ಬೇಡ. ಅವರಿಗೆ ಮೊದಲು ಪಿತ್ತ ಹೊರಹೋಗಲು ದಾರಿ ಬೇಕು, ಕಲ್ಲು ಆಮೇಲೆ.

ಬೇಸಿಗೆಯಲ್ಲಿ ಇಲ್ಲಿ ಮೂತ್ರದ ಕಲ್ಲಿನವರ ಸಾಲು ಬೆಳೆಯುತ್ತದೆ, ಮಿತ್ರರು ಸ್ಕೋಪು ಬಿಟ್ಟುಕೊಡಲಾರರು. ಹೋದ ತಿಂಗಳು ನನ್ನದೇ ಒಂದನ್ನು ತರಿಸಿಕೊಂಡೆ. ಹಳೆಯ ಸ್ಕೋಪಿನ ಸಾಲದ ಕಂತು ಇನ್ನೂ ಎರಡು ಬಾಕಿ ಇದೆ.