ಸಹಕಾರ ಸಂಘದ ಉಪವಿಧಿಗಳಲ್ಲಿ ಹಣಕಾಸಿನ ಮಿತಿ ಬದಲಿಸುವ ಕ್ರಮ

ಸದಸ್ಯರ ಸಾಲದ ಮಿತಿಯನ್ನಾಗಲಿ, ಆಡಳಿತ ಮಂಡಳಿಯ ವೆಚ್ಚದ ಅಧಿಕಾರವನ್ನಾಗಲಿ ಹೆಚ್ಚಿಸುವ ಮುನ್ನ, ಆ ಮಿತಿ ಎಲ್ಲಿ ನಮೂದಾಗಿದೆಯೆಂದು ನೋಡಬೇಕು. ಅದು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರಲ್ಲಿದ್ದರೆ ತಿದ್ದುವ ಅಧಿಕಾರ ವಿಧಾನಮಂಡಲದ್ದು. ಆ ಅಧಿನಿಯಮದಡಿ ರಚಿಸಿದ ನಿಯಮಗಳಲ್ಲಿದ್ದರೆ ರಾಜ್ಯ ಸರ್ಕಾರದ್ದು. ಸಂಘದ ಸ್ವಂತ ಒಳನಿಯಮವಾದ ಉಪವಿಧಿಯಲ್ಲಿದ್ದರೆ ಮಾತ್ರ ಸಂಘವೇ ತಿದ್ದುಪಡಿಗೆ ಮುಂದಾಗಬಹುದು.

ಆಡಳಿತ ಮಂಡಳಿಯು ಈಗಿನ ಪಠ್ಯ, ಪ್ರಸ್ತಾವಿತ ಪಠ್ಯ ಮತ್ತು ಕಾರಣಗಳನ್ನು ಅಕ್ಕಪಕ್ಕದಲ್ಲಿ ಬರೆದು, ಸಾಮಾನ್ಯ ಸಭೆಯ ಸೂಚನಾಪತ್ರದೊಂದಿಗೇ ಸದಸ್ಯರಿಗೆ ಕಳುಹಿಸಬೇಕು. ಸಾಲದ ಮಿತಿ ಏರಿದರೆ ವಸೂಲಾಗದ ಹಣದ ಹೊರೆ ಅಂತಿಮವಾಗಿ ಸದಸ್ಯರ ಷೇರು ಬಂಡವಾಳ ಹಾಗೂ ಠೇವಣಿಯ ಮೇಲೆಯೇ ಬೀಳುವುದರಿಂದ, ಸುಸ್ತಿ ಸಾಲದ (ಅವಧಿ ಮೀರಿದರೂ ಮರುಪಾವತಿಯಾಗದ ಸಾಲದ) ವಿವರವನ್ನೂ ಲಗತ್ತಿಸುವುದು ನ್ಯಾಯವೆಂದು ನನ್ನ ದೃಢ ಅಭಿಪ್ರಾಯ.

ಸಾಮಾನ್ಯ ಸಭೆಯು ಅಂಗೀಕರಿಸಿದ ನಿರ್ಣಯವನ್ನು ಸಹಕಾರ ಸಂಘಗಳ ನಿಬಂಧಕರಿಗೆ (ರಿಜಿಸ್ಟ್ರಾರ್) ಸಲ್ಲಿಸಬೇಕು. ಅಧಿನಿಯಮದ 12ನೇ ಪ್ರಕರಣದಂತೆ ತಿದ್ದುಪಡಿ ನೋಂದಣಿಯಾಗುವವರೆಗೆ ಸಿಂಧುವಲ್ಲ. ಅಲ್ಲಿಯವರೆಗೆ ಹಳೆಯ ಮಿತಿಯನ್ನು ಮೀರಿ ಸಾಲ ಮಂಜೂರು ಮಾಡಬಾರದು.