ನ್ಯೂಟ್ರಿನೋ ವೇಷ ಬದಲಿಸೋದು ಹೇಗೆ? ಎರಡು ಕಿತ್ತಳೆ ಕಟ್ಟಿ ನೋಡಿ

ನ್ಯೂಟ್ರಿನೋ ಅಂದ್ರೆ ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಅತಿ ಸಣ್ಣ ಕಣ. ಇದರಲ್ಲಿ ಎಲೆಕ್ಟ್ರಾನ್, ಮ್ಯುವಾನ್, ಟೌ ಅಂತ ಮೂರು ಜಾತಿ. ಹಾರುತ್ತಾ ಹಾರುತ್ತಾ ಒಂದು ಜಾತಿ ಇನ್ನೊಂದಾಗುತ್ತೆ, ಅದೇ ವೇಷ ಬದಲಿಸೋದು. ಮಡಿಕೇರಿ ಮಳೆಗೆ ಕರೆಂಟ್ ಹೋಗಿದೆಯಾ? ಒಳ್ಳೇದೇ ಆಯ್ತು. ಜಗುಲಿಯ ಎರಡು ಕಂಬಗಳ ನಡುವೆ ಒಂದು ದಾರವನ್ನು ಸ್ವಲ್ಪ ಸಡಿಲವಾಗಿ ಕಟ್ಟಿ, ಕಾಫಿ ಮೂಟೆ ಹೊಲಿಯೋ ದಾರವೇ ಸಾಕು. ಅದಕ್ಕೆ ಒಂದು ಗೇಣು ಅಂತರದಲ್ಲಿ ಒಂದೇ ಗಾತ್ರದ ಎರಡು ಕಿತ್ತಳೆ ನೇತುಹಾಕಿ. ದಾರದ ಉದ್ದ ಎರಡಕ್ಕೂ ಒಂದೇ ಇರಲಿ. ನಾನು ಮೊದಲ ಸಲ ಇಲ್ಲೇ ಎಡವಿದ್ದು.

ಈಗ ಒಂದನ್ನು ಮಾತ್ರ ನಿಮ್ಮ ಕಡೆಗೆ ಎಳೆದು ಬಿಡಿ. ಸ್ವಲ್ಪ ಹೊತ್ತಿಗೆ ಅದರ ತೂಗಾಟ ಕಡಿಮೆಯಾಗಿ, ಸುಮ್ನಿದ್ದ ಇನ್ನೊಂದು ತೂಗೋಕೆ ಶುರು ಮಾಡುತ್ತೆ, ಆಮೇಲೆ ಮೊದಲನೆಯದು ಹೆಚ್ಚುಕಡಿಮೆ ನಿಂತೇಬಿಡುತ್ತೆ. ಮತ್ತೆ ವಾಪಸ್ ಬರುತ್ತೆ. ಒಂದು ಕಿತ್ತಳೆ ಮ್ಯುವಾನ್ ನ್ಯೂಟ್ರಿನೋ, ಇನ್ನೊಂದು ಟೌ ಅಂದ್ಕೊಳ್ಳಿ. ಎಲೆಕ್ಟ್ರಾನ್ ಜಾತಿಯನ್ನು ಸದ್ಯಕ್ಕೆ ಬಿಡಿ, ಮೂರು ಕಟ್ಟಿದ್ರೆ ಬರೀ ಗೊಂದಲ.

ಇನ್ನು ಎರಡನ್ನೂ ಒಟ್ಟಿಗೆ ಒಂದೇ ಕಡೆ ಎಳೆದು ಬಿಡಿ. ಅದಲು ಬದಲೇ ಇಲ್ಲ! ಎದುರುಬದುರು ಬಿಟ್ಟರೂ ಅಷ್ಟೇ, ಆದರೆ ವೇಗ ಬೇರೆ. ಈ ಎರಡು ತೂಗಾಟಗಳೇ ನಿಶ್ಚಿತ ದ್ರವ್ಯರಾಶಿ ಇರುವ ನ್ಯೂಟ್ರಿನೋಗಳ ಹಾಗೆ. ಒಂದನ್ನೇ ಎಳೆದು ಬಿಟ್ಟಾಗ ಈ ಎರಡೂ ಬೆರೆತಿರುತ್ತವೆ, ಇವುಗಳ ವೇಗದ ವ್ಯತ್ಯಾಸದಿಂದಲೇ ವೇಷ ಬದಲಾಗೋದು. ಎಲ್ಲದರ ದ್ರವ್ಯರಾಶಿಯೂ ಸೊನ್ನೆ ಆಗಿದ್ದರೆ ವ್ಯತ್ಯಾಸ ಎಲ್ಲಿಂದ ಬರಬೇಕು, ಅಲ್ವಾ?

1998ರಲ್ಲಿ ಜಪಾನಿನ ಸೂಪರ್-ಕಾಮಿಯೋಕಾಂಡೆ ಅನ್ನೋ ನೆಲದಡಿಯ ನ್ಯೂಟ್ರಿನೋ ಪತ್ತೆ ಕೇಂದ್ರ ತೋರಿಸಿದ್ದು ಇದನ್ನೇ. ಭೂಮಿಯನ್ನು ಹಾದು ಕೆಳಗಿನಿಂದ ಬಂದ ಮ್ಯುವಾನ್ ನ್ಯೂಟ್ರಿನೋಗಳು ಮೇಲಿನಿಂದ ಬಂದವಕ್ಕಿಂತ ಕಡಿಮೆ ಇದ್ದವು. ದೂರದ ದಾರಿಯಲ್ಲಿ ಕೆಲವು ವೇಷ ಬದಲಿಸಿದ್ದವು. ಇಂಥ, ಅಂದ್ರೆ ಬಾಹ್ಯಾಕಾಶದ ಕಣಗಳು ಗಾಳಿಗೆ ಬಡಿದು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳು ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ.

ಕೊನೆಗೆ ಒಂದು ಕಿತ್ತಳೆಯ ದಾರವನ್ನು ಬೇಕಂತಲೇ ಗಿಡ್ಡ ಮಾಡಿ. ತೂಗಾಟ ಅರ್ಧಂಬರ್ಧ ಮಾತ್ರ ದಾಟುತ್ತೆ. ನ್ಯೂಟ್ರಿನೋದಲ್ಲೂ ಆ ಎರಡರ ಮಿಶ್ರಣ ಕಡಿಮೆ ಅಂದ್ರೆ ಹೀಗೇ.